ಬಾಗಲೆಂದೇ ಮಾಡಿದ್ದು

ಹೊಸೂರಿನ ಬಾಗಲೂರು ರಸ್ತೆಯ ನನ್ನ ಲೇತಿನಂಗಡಿಯಲ್ಲಿ
ಬೈಗುಳ ತೆಲುಗಿನಲ್ಲಿ, ಬಿಲ್ಲು ತಮಿಳಿನಲ್ಲಿ,
ಮನಸ್ಸಿನ ಲೆಕ್ಕ ಮಾತ್ರ ಕನ್ನಡದಲ್ಲಿ.
ಅಲ್ಲಿಗೆ ಒಂದು ಮಂಗಳವಾರ
ಹಲ್ಲಿನ ಡಾಕ್ಟರು ಮಂಗೈಯರ್ಕರಸಿ
ಕಾರಿನ ಹಿಂಸೀಟಿನಿಂದ ಕೋಲೊಂದನ್ನು ಇಳಿಸಿದರು.
ಗಾಲ್ಫಿನ ಕೋಲು. ಹಿಡಿಯಿಂದ ಗೇಣು ಕೆಳಗೆ ಒಂದು ಮಂಡಿ.
"ಇದರ ಕೀಳು ಸರಿಯಿಲ್ಲ" ಅಂದರು,
ಲಕಾರದ ಜಾಗಕ್ಕೆ ಳಕಾರ ಹಾಕಿ.
ನಾನು ತಿದ್ದಲಿಲ್ಲ. ತಿದ್ದಲು ಬಂದದ್ದು ಬೇರೆ.

ಕಾಲಗಲಿಸಿ ನಿಂತು ತೋರಿಸಿದರು:
ಕೋಲು ಹಿಂದಕ್ಕೆ ಎದ್ದಿತು, ಸೊಂಟ ದಾಟಿತು,
ಟಕ್. ಕೊಯ್ದ ಕೋಳಿಯ ಕತ್ತಿನ ಹಾಗೆ ಜೋತುಬಿತ್ತು.
ಮತ್ತೆ ಎತ್ತಿದರು. ಟಕ್.
ನಮ್ಮ ಹುಡುಗ ತಂಗವೇಲು ಎಣ್ಣೆಬಟ್ಟೆಯಿಂದ ಬಾಯಿ ಮುಚ್ಚಿಕೊಂಡ.
"ಆರು ಸಾವಿರ ಕೊಟ್ಟಿದ್ದೀನಿ, ಬಾಗಬಾರದು.
ಬಿಗಿ ಮಾಡಿಕೊಡಿ."

ಬಿಚ್ಚಿದೆ.
ಜೋಳದ ಕಾಳಿನಷ್ಟು ಉಕ್ಕಿನ ಗುಂಡು, ಸ್ಪ್ರಿಂಗಿನ ಮೇಲೆ ಕೂತಿದೆ;
ಅದಕ್ಕೆ ಸರಿಯಾಗಿ ಒಂದು ಕುಣಿ; ಪಕ್ಕದಲ್ಲಿ ಸಣ್ಣ ಸ್ಕ್ರೂ.
ಏನೂ ಸವೆದಿರಲಿಲ್ಲ.
ಮಾಡಿದವನು ಯಾವ ದೇಶದವನೋ, ಕೆಲಸಗಾರ.
ಕೈ ತಪ್ಪಿದರೆ ಬಾಗಲಿ ಎಂದೇ ಬಾಗುವಂತೆ ಮಾಡಿದ್ದ.
ಗೊತ್ತಾಯಿತು. ಗೊತ್ತಾಗಿಯೂ
ಸ್ಕ್ರೂವನ್ನು ಒಂದೂವರೆ ಸುತ್ತು ಬಿಗಿದೆ.
ನೂರೈವತ್ತು ರೂಪಾಯಿ. ಆವತ್ತು ಅದೇ ಬೋಣಿ.

ತಿಂಗಳು ಕಳೆದು ಬಂದಾಗ ಕೋಲು ನೆಟ್ಟಗಿತ್ತು,
ಡಾಕ್ಟರ ಮುಖ ಬಾಗಿತ್ತು.
ಮನೆಯ ಮಾಳಿಗೆಯಲ್ಲಿ ದಿನಕ್ಕೆ ನೂರು ಸಲ ಎತ್ತಿದರೂ
ಕೋಲು ತಕರಾರೇ ಮಾಡುವುದಿಲ್ಲವಂತೆ;
ಮೈದಾನಕ್ಕೆ ಹೋದರೆ ಚೆಂಡು ಬಲಕ್ಕೆ, ಇನ್ನೂ ಬಲಕ್ಕೆ,
ಬೇಲಿಯಾಚೆ ಯಾರದೋ ಗುಲಾಬಿಯ ಪಾಲಿಹೌಸಿಗೆ.
ತೋಟದವನು ಹೂವಿನ ಬಕೆಟ್ಟಿನಲ್ಲಿ ನಾಲ್ಕು ಚೆಂಡು ತಂದು
ನಾಲ್ಕು ತೂತಿನ ದುಡ್ಡು ಕೇಳಿದನಂತೆ.
"ಕೀಳು ಸರಿಹೋಯಿತು, ನಾನು ಹೋಗಲಿಲ್ಲ."

ಇಲ್ಲೇ ಬಿಟ್ಟು ಹೋಗಿ, ಅಂದೆ.

ರಾತ್ರಿ ಷಟರು ಅರ್ಧ ಎಳೆದು
ಸ್ಕ್ರೂವನ್ನು ಮೊದಲಿದ್ದಲ್ಲಿಗೆ ತಂದು
ನಾನೇ ಎತ್ತಿದೆ.
ಟಕ್.
ಮೂವತ್ತೆಂಟು ವರ್ಷ ಉಕ್ಕು ಸವರಿದ ಕೈಗೂ
ಅದೇ ಟಕ್.
ಮೊಣಕೈ ರೆಕ್ಕೆಯಾಗುತ್ತಿತ್ತು. ಮಣಿಕಟ್ಟಿಗೆ ಅವಸರ.
ಸೊಂಟವೋ, ತಿರುಗೆಂದರೆ ಪಕ್ಕಕ್ಕೆ ಸರಿಯುತ್ತಿತ್ತು,
ಬಸ್ಸಿನಲ್ಲಿ ಇನ್ನೊಬ್ಬರಿಗೆ ಜಾಗ ಮಾಡಿಕೊಡುವ ಹಾಗೆ.

ಅಮೀರ್‌ಜಾನ್ ಮೇಸ್ತ್ರಿ ನೆನಪಾದರು.
ಲೇತಿನ ಹಿಡಿಕೆ ಹಿಂದಕ್ಕೆ ತಿರುಗಿಸುವಾಗ
ಕೈ ತಿರುಗುತ್ತದೆ, ಉಳಿ ಅಲುಗುವುದಿಲ್ಲ,
ಮರೆಯಲ್ಲಿ ಒಂದಿಷ್ಟು ಪೊಳ್ಳು ಇರುತ್ತದೆ.
"ಮೊದಲು ಆ ಪೊಳ್ಳು ತುಂಬಲಿ, ಆಮೇಲೆ ಬಾ ಮುಂದಕ್ಕೆ.
ಕೆಲಸ ಕೆಡೋದು ಹಿಂದೆ ಹೋಗುವಾಗ, ಬೇಟಾ.
ಕಾಣೋದು ಮಾತ್ರ ಮುಂದೆ ಬಂದಾಗ."
ಹೇಳಿ, ಕಾದ ಉಕ್ಕಿನ ಸುರುಳಿಯೊಂದನ್ನು
ನನ್ನ ಮುಂಗೈಗೆ ತಾಕಿಸಿದ್ದರು.
ಕಲೆ ಇನ್ನೂ ಇದೆ.

ಎಷ್ಟನೆಯ ಸಲವೋ, ಎಣಿಸುವುದು ಬಿಟ್ಟಿದ್ದೆ,
ಭುಜ ಮೊದಲು ಹೋಯಿತು, ಕೈ ಅದರ ಹಿಂದೆ,
ಉಸಿರು ಒಳಗೆ ಬರುವಷ್ಟೇ ನಿಧಾನ.
ಕೋಲು ಟ್ಯೂಬ್‌ಲೈಟಿನ ಸಮೀಪ ಹೋಗಿ
ಬಾಗದೆ ನಿಂತಿತು.
ಹೊಡೆಯಲು ಚೆಂಡಿರಲಿಲ್ಲ.
ಎತ್ತಿಕೊಂಡೇ ಇದ್ದೆ ಸ್ವಲ್ಪ ಹೊತ್ತು,
ಇಳಿಸಲು ಮನಸ್ಸು ಬರದೆ.

ಬೆಳಿಗ್ಗೆ ಡಾಕ್ಟರ ಕೈಗೆ ಕೊಟ್ಟು
"ಈಗ ಬಾಗುತ್ತದೆ" ಅಂದೆ.
ಅತ್ತಿಬೆಲೆ ಬಸ್ಸಿನ ಹಾರ್ನಿನ ನಡುವೆ, ಅಂಗಡಿಯ ಮುಂದೆಯೇ
ಎತ್ತಿದರು. ಟಕ್.
ಎತ್ತಿದರು. ಟಕ್.
ನಕ್ಕರು. ಅಷ್ಟು ದಿನ ಕಂಡಿರಲಿಲ್ಲ,
ಹಲ್ಲಿನ ಡಾಕ್ಟರಿಗೂ ಒಂದು ಹಲ್ಲು ಸೊಟ್ಟ.

ಎಷ್ಟಾಯಿತು ಎಂದರು.
ಕೀಲು ಬಿಗಿ ಮಾಡಿದ್ದು: ನೂರೈವತ್ತು, ವಾಪಸು.
ಸಡಿಲ ಮಾಡಿದ್ದಕ್ಕೆ ಏನು ಬರೆಯಲಿ ಎಂದು
ಬಿಲ್ಲುಪುಸ್ತಕ ತೆರೆದು, ಪೆನ್ನು ಹಿಡಿದು
ತಂಗವೇಲು ಕೇಳುತ್ತಲೇ ಇದ್ದಾನೆ,
ತಮಿಳಿನಲ್ಲಿ.